ದಿನ ತುಂಬಿದವಳ ಸಂಬಳ

ಬೆಳಗಿನ ಆರೂವರೆ, ಏಳರ ಹೊತ್ತಿಗೆ ಜೋಗುಪಾಳ್ಯದ ಓಣಿಗಳಿಂದ ಹೆಂಗಸರು ಗುಂಪುಗುಂಪಾಗಿ ಹೊರಟು ಕೇಂಬ್ರಿಜ್ ಲೇಔಟಿನ ಕಡೆಗೂ ಇಂದಿರಾನಗರದ ಕಡೆಗೂ ಚದುರಿಹೋಗುತ್ತಾರೆ. ನಮ್ಮ ಪಾತ್ರೆ ತೊಳೆಯುವವರು, ನೆಲ ಒರೆಸುವವರು ಅವರು. ಆ ಗುಂಪಿನಲ್ಲಿ ಆಗಾಗ ದಿನ ತುಂಬಿದ ಬಸುರಿಯೊಬ್ಬಳು, ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು, ಉಳಿದವರಿಂದ ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಿರುತ್ತಾಳೆ. ಅವಳು ಹೋಗುತ್ತಿರುವುದು ಘೋಷಾ ಆಸ್ಪತ್ರೆಗಲ್ಲ, ನಮ್ಮ ಮನೆಗೆ.

ಹೆರಿಗೆಯ ಅನಂತರದ ದಿನಗಳಿಗೆ ಕನ್ನಡದಲ್ಲಿ ಬಾಣಂತನವೆಂಬ ಹೆಸರಿದೆ. ಅದಕ್ಕೆ ಮುಂಚಿನ ಕೊನೆಯ ದಿನಗಳನ್ನು ಕುರಿತು 'ದಿನ ತುಂಬಿದೆ' ಎನ್ನುತ್ತೇವೆ. ಮಾತು ಬಹಳ ಸರಿಯಾಗಿದೆ. ತುಂಬುವುದು ತಾನಾಗಿ ಆಗತಕ್ಕದ್ದು. ಈಗೀಗ 'ಡಾಕ್ಟರು ಡೇಟು ಕೊಟ್ಟಿದ್ದಾರೆ' ಎಂಬುದು ರೂಢಿಯಾಗಿದೆ. ಆ ಡೇಟಾದರೋ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳಿದ ಅಂದಾಜು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು ಐದು. ಒಂದೆರಡು ವಾರ ಹಿಂದುಮುಂದಾಗುವುದು ಸಾಮಾನ್ಯ. ಯಾರ ಕೈಯಲ್ಲಿಯೂ ಇಲ್ಲದ ಈ ಹಿಂದುಮುಂದಿನ ಬೆಲೆಯನ್ನು ಯಾರಾದರೂ ತೆರಲೇಬೇಕಷ್ಟೆ. ಅದನ್ನು ತೆರುತ್ತಿರುವವಳು ಅತ್ಯಂತ ಕಡಿಮೆ ಹಣವುಳ್ಳವಳು ಎಂಬುದೇ ನನ್ನ ತಕರಾರು.

ಕಚೇರಿಗೆ ಹೋಗುವ ಹೆಂಗಸಿಗೆ ಕಾನೂನು ಬೆನ್ನಿಗಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, 12 ವಾರಗಳಿದ್ದ ಸಂಬಳಸಹಿತ ರಜೆ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮುಂಚೆಯೇ ಪಡೆಯಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿತು. ಆದರೆ ಹತ್ತು ಜನ ದುಡಿಯುವ ಅಂಗಡಿಗೆ ಅನ್ವಯಿಸುವ ಈ ರಜೆ ಒಬ್ಬಳು ದುಡಿಯುವ ಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲಿಯೇ ಗೊತ್ತುಮಾಡಿದ ರಾಜ್ಯ ನಮ್ಮದು. ಹೆರಿಗೆಯ ವಿಷಯದಲ್ಲಿ ಮಾತ್ರ ಎಲ್ಲವೂ ಅಮ್ಮಾವ್ರ ದಯೆಗೆ ಬಿಟ್ಟಿದೆ.

ದಯೆಯ ಸ್ವರೂಪವನ್ನೂ ನೋಡೋಣ. ಏಳನೆಯ ತಿಂಗಳಲ್ಲಿ ಒಂದು ಸೀರೆ, ಒಂದು ಡಜನ್ ಬಳೆ, ಮಡಿಲಿಗೆ ತೆಂಗಿನಕಾಯಿ. ಒಂಬತ್ತನೆಯ ತಿಂಗಳಲ್ಲಿ ಪ್ರಶ್ನೆ: "ಎಂದಿನಿಂದ ಬರೋದಿಲ್ಲ, ಖಚಿತವಾಗಿ ಹೇಳು. ಬದಲಿಗೆ ಯಾರನ್ನು ಕಳಿಸ್ತೀಯ?" ಬದಲಿಯನ್ನು ಹುಡುಕಿಕೊಡಬೇಕಾದವಳೂ ಅವಳೇ. ಹುಡುಕಿಕೊಟ್ಟ ನಾದಿನಿಯೋ ನೆರೆಯವಳೋ ಕೆಲಸದಲ್ಲಿ ಗಟ್ಟಿಯಾಗಿ ಕುಳಿತರೆ, ಕೂಸನ್ನೆತ್ತಿಕೊಂಡು ಬಂದವಳಿಗೆ ಆ ಮನೆಯ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದಲೇ ನೋವು ಕಾಣಿಸಿಕೊಳ್ಳುವವರೆಗೂ ಅವಳು ಬರುತ್ತಾಳೆ. "ಅವಳೇ ಬರ್ತೀನಿ ಅಂತಾಳೆ, ನಾವೇನು ಬಲವಂತ ಮಾಡಿದ್ದೇವೆಯೇ?" ಎಂದು ನಾವು ನೆಮ್ಮದಿಯಿಂದ ಹೇಳುತ್ತೇವೆ.

ಇನ್ನೊಂದು ವಾದ ಇದಕ್ಕಿಂತ ಹಳೆಯದು. ನಮ್ಮ ಅಜ್ಜಿಯರು ಕೊನೆಯ ದಿನದವರೆಗೂ ಬೀಸಿ, ಕುಟ್ಟಿ, ನೀರು ಸೇದಿ ಸಲೀಸಾಗಿ ಹೆರುತ್ತಿದ್ದರಂತೆ! ಹೆತ್ತು ಉಳಿದವರು ಮೊಮ್ಮಕ್ಕಳಿಗೆ ಕಥೆ ಹೇಳಿದರು. ಉಳಿಯದವರ ಕಥೆಯನ್ನು ಹೇಳುವವರಾರು? ಬಸುರಿಗೆ ನಡೆದಾಟ ಒಳ್ಳೆಯದೆಂದು ವೈದ್ಯರು ಹೇಳುವುದು ನಿಜ. ಮೂರು ಮನೆಗಳ ಒದ್ದೆ ಮೆಟ್ಟಿಲುಗಳ ಮೇಲೆ ಬಕೆಟ್ ಹೊರುವುದಕ್ಕೆ ನಡೆದಾಟವೆಂದು ಹೆಸರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ಕೊನೆಯ ವಾರಗಳಲ್ಲಿ ಹೊಟ್ಟೆಯೊಳಗಿನ ಕೂಸಿನ ಮಿಸುಕಾಟವನ್ನು ತಾಯಿ ಗಮನಿಸುತ್ತಿರಬೇಕು, ಅದು ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಡ ಮಗ್ಗುಲಾಗಿ ಮಲಗಿ, ಮೈಯೆಲ್ಲ ಕಿವಿಯಾಗಿ ನೋಡಬೇಕಾದ ಕೆಲಸವದು. ಕುಕ್ಕರಗಾಲಿನಲ್ಲಿ ಕುಳಿತು ನೆಲ ಒರೆಸುವವಳಿಗೆ ಕೂಸು ಒದೆಯಿತೋ ಬಿಟ್ಟಿತೋ ಹೇಗೆ ತಿಳಿಯಬೇಕು? ನಮ್ಮ ಮಗಳಾಗಿದ್ದರೆ, ಲೋಟ ಎತ್ತಿಡಲೂ ಬಿಡುತ್ತಿರಲಿಲ್ಲ.

ಸರ್ಕಾರ ಕೊಡುವುದಿಲ್ಲವೇ ಎನ್ನುವವರಿದ್ದಾರೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಗೊತ್ತಾಗಿರುವ ಹಣ 5,000 ರೂಪಾಯಿ, ಅದೂ ಕಂತುಗಳಲ್ಲಿ. 2022ರಿಂದ ಎರಡನೆಯ ಮಗುವಿಗೂ ಇದೆ, ಆದರೆ ಅದು ಹೆಣ್ಣಾಗಿರಬೇಕು. ಆರು ತಿಂಗಳ ದುಡಿಮೆಗೆ ಇದು ಸಮವೇ?

ನಾನು ಕೇಳುವುದು ದೊಡ್ಡದೇನಲ್ಲ. ಒಂದು ಮನೆಯವರು ತಿಂಗಳಿಗೆ 3,000 ರೂಪಾಯಿ ಕೊಡುತ್ತಾರೆಂದು ಇಟ್ಟುಕೊಳ್ಳಿ. ಹೆರಿಗೆಗೆ ಮುಂಚೆ ಎರಡು ತಿಂಗಳು, ಅನಂತರ ನಾಲ್ಕು ತಿಂಗಳು ಅದೇ ಸಂಬಳ ನಡೆಸಿದರೆ 18,000 ರೂಪಾಯಿ. ಸೀಮಂತದ ಛತ್ರಕ್ಕೆ, ಊಟಕ್ಕೆ, ಫೋಟೋದವರಿಗೆ ನಾವು ಕೊಡುವುದೆಷ್ಟೆಂಬುದನ್ನು ಓದುಗರೇ ಲೆಕ್ಕಹಾಕಲಿ. ಬದಲಿಯವರನ್ನು ನಾವೇ ಹುಡುಕಿಕೊಳ್ಳೋಣ, ಇಲ್ಲವೆ ಪೊರಕೆಯನ್ನು ನಾವೇ ಹಿಡಿಯೋಣ. ಡೇಟು ದಾಟಿತೆಂದು ದಿನಕ್ಕೆರಡು ಬಾರಿ ಫೋನು ಮಾಡಿ, "ಇನ್ನೂ ಆಗಲಿಲ್ಲವೇ?" ಎಂದು ಕೇಳುವುದನ್ನು ಬಿಡೋಣ.

"ಹಣ ತೆಗೆದುಕೊಂಡು ಆಮೇಲೆ ಅವಳು ಬಾರದೇ ಹೋದರೆ?" ಬಾರದಿರಬಹುದು. ಹೆರಿಗೆ ರಜೆ ಮುಗಿಸಿಕೊಂಡು ಬಂದು ಮೇಜಿನ ಮೇಲೆ ರಾಜೀನಾಮೆಯಿಟ್ಟು ಹೋದ ಅಧ್ಯಾಪಕಿಯರನ್ನು ನಾನು ಕಂಡಿದ್ದೇನೆ. ಅವರ ರಜೆಯ ಸಂಬಳವನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ.