ಕೇರಿಯ ಮಾತನ್ನು ಕೇರಿಯಲ್ಲೇ ಕೇಳಿರಿ

ಊರು ಸುಧಾರಿಸಬೇಕೆಂಬುದರಲ್ಲಿ ಯಾರದೂ ತಕರಾರಿಲ್ಲ. ಚುನಾವಣೆಗೆ ನಿಂತವರು ಅದನ್ನೇ ಹೇಳುತ್ತಾರೆ, ಗೆದ್ದವರೂ ಹೇಳುತ್ತಾರೆ, ಸೋತವರಂತೂ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ. ಸುಧಾರಣೆ ಎಂದರೇನು, ಅದು ಯಾವ ಬೀದಿಯಿಂದ ಆರಂಭವಾಗಬೇಕು, ಅದನ್ನು ತೀರ್ಮಾನಿಸತಕ್ಕವರು ಯಾರು ಎಂದು ಕೇಳಿದಾಗ ಮಾತ್ರ ಎಲ್ಲರೂ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಕಳೆದ ತಿಂಗಳು ನಮ್ಮ ಪಕ್ಷದ ಕಾರ್ಯಕರ್ತರು ಅಕ್ಕಿ ಗಿರಣಿಗಳ ಹಿಂಬದಿಯ ಒಂದು ಕೇರಿಯಲ್ಲಿ ನಾಲ್ಕು ಸಂಜೆ ಸಭೆ ಸೇರಿಸಿದರು. ನಮ್ಮ ತಪ್ಪನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇವೆ. ಮನವಿಪತ್ರವನ್ನು ಕಚೇರಿಯಲ್ಲಿಯೇ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆವು: ಡಾಂಬರು ರಸ್ತೆ, ವೃತ್ತದಲ್ಲಿ ಎತ್ತರದ ದೀಪದ ಕಂಬ, ಒಂದು ವಾಚನಾಲಯ. ಸಹಿ ಹಾಕಿಸಿಕೊಂಡು ಬರುವುದಷ್ಟೇ ಬಾಕಿ ಎಂದುಕೊಂಡಿದ್ದೆವು. ನಾಲ್ಕನೆಯ ಸಂಜೆ ಮುಗಿಯುವ ಹೊತ್ತಿಗೆ ಆ ಕಾಗದದಲ್ಲಿ ಹೊಡೆದುಹಾಕದೆ ಉಳಿದದ್ದು ಮೇಲಿನ ವಿಳಾಸ ಮಾತ್ರ.

ಮೊದಲ ದಿನ ರಸ್ತೆಯ ಮಾತನ್ನು ಯಾರೂ ಎತ್ತಲಿಲ್ಲ. ಗಿರಣಿಯ ಕಣದಲ್ಲಿ ಭತ್ತ ಹರವುವ ಒಬ್ಬ ತಾಯಿ ಎದ್ದು ನಿಂತು, "ನೀರು ಬರೋ ದಿನ ನನಗೆ ಕೂಲಿ ಇಲ್ರಪ್ಪ" ಎಂದರು. ನೀರು ಸಾಲದು ಎಂಬುದು ಆಕೆಯ ದೂರಲ್ಲ. ಯಾವ ದಿನ, ಯಾವ ಹೊತ್ತಿಗೆ ಬಿಡುತ್ತಾರೆಂಬುದು ತಿಳಿಯದೆ ಕೊಡಗಳ ಕಾವಲಿಗೆ ಒಬ್ಬರು ಮನೆಯಲ್ಲಿ ಕೂರಬೇಕು. ತಾಯಿ ಕೆಲಸಕ್ಕೆ ಹೋದರೆ ಮಗಳು ಶಾಲೆ ಬಿಡಬೇಕು. ನಲ್ಲಿಯ ಸರತಿಯಿಂದ ಓಡಿಬಂದು ಒದ್ದೆ ಲಂಗದಲ್ಲಿ ಎರಡನೆಯ ಪಾಠಕ್ಕೆ ಕುಳಿತ ಹುಡುಗಿಯರನ್ನು ತಡವಾಯಿತೆಂದು ಗದರಿಸಿದ ಪಾಪ ಈ ಸಂಪಾದಕೀಯ ಬರೆಯುವವನ ತಲೆಯ ಮೇಲೂ ಇದೆ. ಕೇರಿಯವರು ಕೇಳಿದ್ದು ಇಷ್ಟು: ನೀರು ಬಿಡುವ ದಿನ ಮತ್ತು ಹೊತ್ತನ್ನು ಹಲಗೆಯ ಮೇಲೆ ಬರೆಯಲಿ, ತಪ್ಪಿದರೆ ಹಿಂದಿನ ಸಂಜೆಯೇ ತಿಳಿಸಲಿ. ಇದಕ್ಕೆ ಟೆಂಡರು ಬೇಡ, ಗುತ್ತಿಗೆದಾರ ಬೇಡ, ಶಂಕುಸ್ಥಾಪನೆಯ ಕಲ್ಲೂ ಬೇಡ. ಒಂದು ಹಲಗೆ, ಒಂದು ಸುಣ್ಣದ ಕಡ್ಡಿ ಸಾಕು. ಇಂಥ ಬೇಡಿಕೆ ಯಾವ ಎಂಜಿನಿಯರನ ನಕ್ಷೆಯಲ್ಲಿಯೂ ಮೂಡಲಾರದು. ನಮ್ಮ ಮನವಿಪತ್ರದಲ್ಲಿಯೂ ಮೂಡಿರಲಿಲ್ಲವೆಂಬುದು ನಾಚಿಕೆಯ ಸಂಗತಿ.

ಎರಡನೆಯ ಸಂಜೆ ಚರಂಡಿಯ ಜಗಳ. ಮಳೆ ಬಂದರೆ ಕೊಚ್ಚೆ ಮನೆಯೊಳಗೆ ಬರುತ್ತದೆ, ಕಾರಣ ಅಂಗಡಿಕಾರರು ಚರಂಡಿಯ ಮೇಲೆ ಹಾಸಿರುವ ಚಪ್ಪಡಿ ಎಂದು ಕಾರ್ಮಿಕರ ವಾದ. ಚಪ್ಪಡಿಯಿಲ್ಲದೆ ಗಿರಾಕಿ ಹಾರಿಕೊಂಡು ಅಂಗಡಿಗೆ ಬರಬೇಕೇ ಎಂದು ಕಿರಾಣಿಯವರ ಮರುಪ್ರಶ್ನೆ. ಮಾತು ಬೆಳೆದು, ಯಾರ ಅಂಗಡಿಯಲ್ಲಿ ಯಾರ ಸಾಲ ಎಷ್ಟಿದೆ ಎಂಬವರೆಗೂ ಹೋಯಿತು. ನಮ್ಮ ಕಾರ್ಯಕರ್ತರಲ್ಲಿ ಒಬ್ಬರು ಸಭೆಯನ್ನು ಮುಗಿಸಿಬಿಡೋಣವೆಂದರು. ಮುಗಿಸದೆ ಇದ್ದುದೇ ಒಳ್ಳೆಯದಾಯಿತು. ಚರಂಡಿ ಬಳಿಯುವ ಪೌರಕಾರ್ಮಿಕನೊಬ್ಬ ಅಲ್ಲಿಯೇ ಮೂಲೆಯಲ್ಲಿ ಕುಳಿತಿದ್ದ. ಅವನು ಹೇಳಿದ: ಚಪ್ಪಡಿ ಇರಲಿ, ಆದರೆ ಸಿಮೆಂಟು ಹಾಕಿ ಕೂರಿಸಬೇಡಿ, ಎತ್ತಲು ಕಬ್ಬಿಣದ ಕೊಂಡಿ ಹಾಕಿಸಿ, ನಾನು ಸಲಿಕೆ ಇಳಿಸುವಷ್ಟು ಜಾಗ ಸಿಕ್ಕರೆ ಸಾಕು. ಮೂರನೆಯ ಸಂಜೆ ಅಂಗಡಿಕಾರರು ಕೊಂಡಿಯ ಖರ್ಚನ್ನು ತಾವೇ ಹಾಕಿಕೊಳ್ಳಲು ಒಪ್ಪಿದರು. ಅವರ ಷರತ್ತು ಒಂದೇ: ರಸ್ತೆ ಅಗಲ ಮಾಡುತ್ತೇವೆಂದು ಯಾರಾದರೂ ಬಂದರೆ ಕೇರಿ ತಮ್ಮ ಜೊತೆ ನಿಲ್ಲಬೇಕು. ಕೇರಿ ಒಪ್ಪಿತು. ಬೈಗುಳದಿಂದ ಆರಂಭವಾದದ್ದು ಒಪ್ಪಂದವಾಗಿ ಮುಗಿಯಿತು.

ದೀಪದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇವೆ. ವೃತ್ತದಲ್ಲಿ ಎತ್ತರದ ಕಂಬ ಬೇಕೆಂದವರೆಲ್ಲ ಗಂಡಸರು. ಸಾಮೂಹಿಕ ಶೌಚಾಲಯಕ್ಕೆ ಹೋಗುವ ಓಣಿಯಲ್ಲಿ ಎರಡು ಚಿಕ್ಕ ದೀಪ ಸಾಕೆಂದವರೆಲ್ಲ ಹೆಂಗಸರು. ಮತಕ್ಕೆ ಹಾಕಿದಾಗ ಹೆಂಗಸರು ಗೆದ್ದರು, ಏಕೆಂದರೆ ಗಂಡಸರಲ್ಲಿ ಅರ್ಧದಷ್ಟು ಜನ ರಾತ್ರಿ ಪಾಳಿಗೆ ಹೋಗಿದ್ದರು! ವಾಚನಾಲಯವನ್ನು ಯಾರೂ ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ.

ಇಷ್ಟನ್ನು ವಿವರವಾಗಿ ಬರೆಯಲು ಕಾರಣವಿದೆ. ಜನರ ಅಭಿಪ್ರಾಯ ಸಂಗ್ರಹವೆಂಬ ಮಾತು ಈಗ ಸರ್ಕಾರದ ಎಲ್ಲ ಯೋಜನೆಗಳ ಮುನ್ನುಡಿಯಲ್ಲಿಯೂ ಇರುತ್ತದೆ. ಅಭಿಪ್ರಾಯವೆಂಬುದು ಹೂಕೋಸಿನಂತೆ ಬೆಳೆದು ನಿಂತಿರುತ್ತದೆ, ಹೋಗಿ ಕಿತ್ತು ತರುವುದಷ್ಟೇ ಕೆಲಸವೆಂದು ಅಧಿಕಾರಿಗಳು ತಿಳಿದಂತಿದೆ. ನೆರೆಹೊರೆಯವರು ಎದುರುಬದುರು ಕುಳಿತು ಜಗಳವಾಡದೆ ಕೇರಿಗೆ ಅಭಿಪ್ರಾಯವೇ ಹುಟ್ಟುವುದಿಲ್ಲ. ಒಬ್ಬೊಬ್ಬರನ್ನು ಬೇರೆಬೇರೆಯಾಗಿ ಕೇಳಿದ್ದರೆ ಕಾರ್ಮಿಕ ಚಪ್ಪಡಿ ಕೀಳಿಸಿರೆಂದು ಬರೆಸುತ್ತಿದ್ದ, ಅಂಗಡಿಕಾರ ಮುಟ್ಟಬೇಡಿರೆಂದು ಬರೆಸುತ್ತಿದ್ದ. ಕೊಂಡಿಯ ಮಾತು ಯಾರಿಗೂ ಹೊಳೆಯುತ್ತಿರಲಿಲ್ಲ; ಪೌರಕಾರ್ಮಿಕನನ್ನಂತೂ ಯಾರೂ ಕೇಳುತ್ತಿರಲಿಲ್ಲ.

2015ರಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಯನ್ನು ಘೋಷಿಸಿತು. 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ 20 ಊರುಗಳಲ್ಲಿ ನಮ್ಮ ರಾಜ್ಯದ ದಾವಣಗೆರೆ ಮತ್ತು ಬೆಳಗಾವಿ ಸೇರಿದ್ದವು. ಊರೊಂದಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ, ರಾಜ್ಯದಿಂದ ಅಷ್ಟೇ ಎಂಬ ಲೆಕ್ಕ. ಗಣಕಯಂತ್ರದಲ್ಲಿಯೂ ಫೋನಿನಲ್ಲಿಯೂ ನಾಗರಿಕರ ಅಭಿಪ್ರಾಯ ಕೇಳಿದರು, ಮತವನ್ನೂ ಎಣಿಸಿದರು. ಆದರೆ ಹಣವನ್ನು ಖರ್ಚು ಮಾಡುವ ಅಧಿಕಾರವನ್ನು ಒಪ್ಪಿಸಿದ್ದು ಕಂಪನಿ ಕಾಯಿದೆಯ ಕೆಳಗೆ ಹುಟ್ಟಿದ ಒಂದೊಂದು ಪ್ರತ್ಯೇಕ ಕಂಪನಿಗೆ. ದಾವಣಗೆರೆಯ ಯೋಜನೆಯಲ್ಲಿ ಮಂಡಕ್ಕಿ ಭಟ್ಟಿಗಳ ಪ್ರದೇಶದ ಸುಧಾರಣೆಯೂ ಸೇರಿತ್ತು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಆ ಊರಿನಲ್ಲಿ ಭಟ್ಟಿ ಎಷ್ಟೋ ಬಡ ಸಂಸಾರಗಳ ಅನ್ನ. ಅದರ ಹೊಗೆಯನ್ನು ಮೊದಲು ಕುಡಿಯುವವರೂ ಅವರೇ. ಹೊಗೆ ಹೋಗಬೇಕು, ಅನ್ನ ಉಳಿಯಬೇಕು. ಇದು ಫೋನಿನಲ್ಲಿ ಹೌದು ಅಲ್ಲವೆಂದು ಒತ್ತಿ ತೀರ್ಮಾನಿಸುವ ಪ್ರಶ್ನೆಯೇ? 2025ರ ಮಾರ್ಚಿನಲ್ಲಿ ಆ ಯೋಜನೆಯ ಅವಧಿಯೇ ಮುಗಿದುಹೋಯಿತು. ಆಗ ಕೇಳಿದ ಅಭಿಪ್ರಾಯಗಳಲ್ಲಿ ಯಾವುದು ಕಲ್ಲು-ಗಾರೆಯಾಯಿತು, ಯಾವುದು ಕಡತದಲ್ಲಿ ಉಳಿಯಿತು ಎಂಬ ಲೆಕ್ಕವನ್ನು ಓಣಿ ಓಣಿಯಲ್ಲಿ ಓದಿ ಹೇಳಬೇಕಾದದ್ದು ಧರ್ಮ.

ಕಾನೂನಿಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಹಳ್ಳಿಗಳ ಮಟ್ಟಿಗೆ ನಮ್ಮ ರಾಜ್ಯ ಮುಂದೆ ನಡೆದದ್ದೂ ಉಂಟು. ಅಬ್ದುಲ್ ನಜೀರ್ ಸಾಬರು ಪಂಚಾಯತಿ ಮಂತ್ರಿಯಾಗಿದ್ದಾಗ ಆದ 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆ ನಡೆದು, ಮಂಡಲ ಪಂಚಾಯತಿಗಳಿಗೂ ಜಿಲ್ಲಾ ಪರಿಷತ್ತುಗಳಿಗೂ ಜೀವ ಬಂತು. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಡಾ. ಲೋಹಿಯಾ ಹೇಳುತ್ತಿದ್ದ ಮಾತಿನ ಒಂದಂಶವಾದರೂ ಅಲ್ಲಿ ಕಂಡಿತು. ಇಂದು ಹಳ್ಳಿಯ ರೈತ ಗ್ರಾಮಸಭೆಯಲ್ಲಿ ಎದ್ದು ನಿಂತು, ಸರ್ಕಾರದ ಮನೆ ಯಾರಿಗೆ ಸಲ್ಲಬೇಕೆಂದು ಕೇಳಬಹುದು. ಅವನ ತಮ್ಮ ಪೇಟೆಗೆ ಬಂದು ಗಿರಣಿ ಸೇರಿದನೋ, ಆ ಹಕ್ಕನ್ನು ಬಸ್ಸಿನಲ್ಲಿಯೇ ಮರೆತು ಇಳಿದಂತೆ.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 3 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಮಿತಿ ಇರಲೇಬೇಕೆಂದು ಅದು ವಿಧಿಸಿತು. ಚಿಕ್ಕ ಊರುಗಳ ಮಾತನ್ನು ರಾಜ್ಯಗಳ ಮರ್ಜಿಗೆ ಬಿಟ್ಟಿತು. ಕರ್ನಾಟಕದ ಮಹಾನಗರ ಪಾಲಿಕೆಗಳ 1976ರ ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಗಿ, ವಾರ್ಡು ಸಮಿತಿಯ ಕೆಳಗೆ ಪ್ರದೇಶ ಸಭೆಗಳೂ ಬಂದವು. ಕಾಗದದಲ್ಲಿ ನೋಡಿದರೆ ಸಂತೋಷಪಡಬೇಕು. ಆದರೆ ಸಮಿತಿಗೆ ಕಾರ್ಪೊರೇಟರೇ ಅಧ್ಯಕ್ಷರು, ಉಳಿದ 10 ಸದಸ್ಯರು ನಾಮಕರಣದಿಂದ ಬರುವವರು, ಮೇಲಾಗಿ ಸಮಿತಿಯ ನಿರ್ಣಯವನ್ನು ತಡೆಹಿಡಿಯುವ ಅಧಿಕಾರವೂ ಕಾರ್ಪೊರೇಟರದೇ. ಮದುವೆಯ ಮನೆಯಲ್ಲಿ ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದಂತಾಯಿತು! ಇಂಥ ಸಮಿತಿಯೂ ಎಷ್ಟು ವಾರ್ಡುಗಳಲ್ಲಿ ತಿಂಗಳಿಗೊಮ್ಮೆ ಸೇರಿದೆ ಎಂಬುದನ್ನು ಓದುಗರು ತಮ್ಮ ಅನುಭವದಿಂದಲೇ ಹೇಳಬಲ್ಲರು.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ಆ ಸಮಿತಿಯಲ್ಲಿ ಇಬ್ಬರು ನಿವಾಸಿಗಳ ಸಂಘದವರಿರಬೇಕೆಂದಿದೆ. ಸಂಘ ಇರುವುದು ಯಾರಿಗೆ? ಹೊಸ ಬಡಾವಣೆಗಳಲ್ಲಿ ಸ್ವಂತ ಮನೆ ಕಟ್ಟಿಕೊಂಡವರಿಗೆ. ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು, ಮತ ಇನ್ನೂ ಹುಟ್ಟೂರಿನಲ್ಲಿರುವ ಹಮಾಲಿ ಯಾವ ಸಂಘಕ್ಕೂ ಸೇರಿದವನಲ್ಲ. ಮತದಾರರ ಪಟ್ಟಿಯನ್ನೇ ನಂಬಿದ ಪ್ರದೇಶ ಸಭೆಗೂ ಸೇರಿದವನಲ್ಲ. ಆದರೆ ಚರಂಡಿಯ ಕೊಚ್ಚೆ ಮತದಾರರ ಪಟ್ಟಿ ನೋಡಿಕೊಂಡು ಮನೆಗೆ ನುಗ್ಗುವುದಿಲ್ಲ. ಯಾರು ಆ ಕೇರಿಯಲ್ಲಿ ರಾತ್ರಿ ಮಲಗುತ್ತಾರೋ ಅವರೆಲ್ಲ ಆ ಕೇರಿಯ ನಿವಾಸಿಗಳು. ಯಾರು ಆ ಕೇರಿಯ ಬೀದಿಯಲ್ಲಿ ಹಗಲು ದುಡಿಯುತ್ತಾರೋ ಅವರಿಗೂ ಮಾತಿನ ಹಕ್ಕುಂಟು. ಇದು ನಮ್ಮ ಪಕ್ಷದ ನಿಲುವು.

ಸಣ್ಣ ವ್ಯಾಪಾರಿಗಳು ಇಲ್ಲಿ ಒಂದು ಕಾಯಿದೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಬೀದಿ ವ್ಯಾಪಾರಿಗಳಿಗೇ ಮೀಸಲು, ಅದೂ ಅವರಲ್ಲಿಯೇ ಚುನಾವಣೆಯಿಂದ. ಆ ಸ್ಥಾನಗಳಲ್ಲಿ ಮೂರನೆಯ ಒಂದು ಪಾಲು ಹೆಂಗಸರಿಗೆ. ಗಣತಿ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ತಳ್ಳುಗಾಡಿಯ ಸೊಪ್ಪಿನವಳಿಗೆ ಚುನಾವಣೆಯಿಂದ ಬರುವ ಸ್ಥಾನವಿದೆ, ಕೇರಿಯ ನಿವಾಸಿಗೆ ನಾಮಕರಣ ಮಾತ್ರ! ಕಾನೂನು ಮಾಡುವವರು ತಮ್ಮ ಎರಡು ಕೈಗಳ ಬರಹವನ್ನು ಒಮ್ಮೆ ಹೋಲಿಸಿ ನೋಡಬೇಕು.

ಬಡವರು ಬಜೆಟ್ಟು ಓದಲಾರರೆಂದು ಹೇಳುವವರಿದ್ದಾರೆ. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಕೇರಿ ಕೇರಿಯ ಜನ ಸಭೆ ಸೇರಿ, ನಗರದ ಹಣ ಮೊದಲು ಯಾವುದಕ್ಕೆ ಹೋಗಬೇಕೆಂದು ಸರದಿ ನಿಶ್ಚಯಿಸಿದರು. ಅದು ದೂರದ ಮಾತಾಯಿತೆಂದರೆ ಪಕ್ಕದ ಕೇರಳವಿದೆ. 1996ರಲ್ಲಿ ಅಲ್ಲಿಯ ಸರ್ಕಾರ ರಾಜ್ಯದ ಯೋಜನಾ ಹಣದಲ್ಲಿ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟು, ಸಭೆ ಸೇರಿ ಯೋಜನೆ ಮಾಡಿರೆಂದಿತು. ದಿನಗೂಲಿಯಲ್ಲಿ ತಿಂಗಳು ದೂಡುವ ಹೆಂಗಸಿಗಿಂತ ಚೆನ್ನಾಗಿ ಬಜೆಟ್ಟು ಬಲ್ಲವರು ಯಾರಿದ್ದಾರೆ?

ಅಂಗಡಿಕಾರ ಮಿತ್ರರಿಗೆ ಒಂದು ಕಟುವಾದ ಮಾತು: ಕೊಂಡಿಗೆ ಒಪ್ಪಿದ ಮೇಲೆ ಚಪ್ಪಡಿಯ ಮೇಲೆ ಮೂಟೆ ಪೇರಿಸಬಾರದು. ಗಿರಣಿಯ ಮಿತ್ರರಿಗೂ ಒಂದು ಮಾತು: ರಾತ್ರಿ ಪಾಳಿ ಮುಗಿಸಿ ಬಂದು ಕಸವನ್ನು ಅದೇ ಚರಂಡಿಗೆ ಚೆಲ್ಲುವವರು ಯಾರೆಂದು ಸಭೆಯಲ್ಲಿ ಹೆಂಗಸರೇ ಹೆಸರು ಹಿಡಿದು ಹೇಳಿದ್ದಾರೆ.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ವಾರ್ಡಿನ ಸಭೆಯನ್ನು ವಾರ್ಡಿನಲ್ಲಿಯೇ, ಪಾಳಿ ಬಿಟ್ಟ ಮೇಲೆ ಕರೆಯಬೇಕು. ಬೆಳಗಿನ 11 ಗಂಟೆಗೆ ಕರೆದ ಸಭೆ ಕಾರ್ಮಿಕರ ಪಾಲಿಗೆ ಕರೆಯದ ಸಭೆ. ಆ ವಾರ್ಡಿಗೆ ಆ ವರ್ಷ ಎಷ್ಟು ಹಣವಿದೆಯೆಂಬುದನ್ನು ಅಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಬಾಡಿಗೆದಾರರಿಗೂ ಬೀದಿ ವ್ಯಾಪಾರಿಗಳಿಗೂ ಪೌರಕಾರ್ಮಿಕರಿಗೂ ಅಲ್ಲಿ ಮಾತು ಮತ್ತು ಮತ ಎರಡೂ ಇರಬೇಕು. ಸಭೆಯ ನಿರ್ಣಯವನ್ನು ತಳ್ಳಿಹಾಕುವ ಪ್ರತಿನಿಧಿ ಅದರ ಕಾರಣವನ್ನು ಬರೆದು, ಸಹಿ ಮಾಡಿ, ಗೋಡೆಗೆ ಅಂಟಿಸಬೇಕು.

ಮುಂದಿನ ಅಮಾವಾಸ್ಯೆಯ ಸಂಜೆ 6 ಗಂಟೆಗೆ ಅದೇ ಕೇರಿಯ ಬೇವಿನ ಮರದ ಕೆಳಗೆ ಐದನೆಯ ಸಭೆ ಇದೆ. ನೀರಿನ ಹಲಗೆಯ ಬಗೆಗೆ ಅಧಿಕಾರಿಗಳಿಗೆ ಬರೆದ ಪತ್ರವನ್ನೂ, ಅದಕ್ಕೆ ಉತ್ತರ ಬಂದಿದ್ದರೆ ಅದನ್ನೂ ಓದಲಾಗುವುದು. ಪಕ್ಕದ ಎರಡು ಕೇರಿಗಳವರೂ ಬರಬೇಕು. ಮನೆಯುಳ್ಳವರು ಕಂದಾಯದ ರಸೀದಿ, ನೀರಿನ ರಸೀದಿ ತರಲಿ. ಬಾಡಿಗೆಯವರು ಬರಿಗೈಯಲ್ಲಿ ಬಂದರೂ ಸರಿ.