ದಾಳ ಉರುಳಿಸುವ ಕಥೆ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ವಿಚಾರವನ್ನು ಈಚೆಗೆ ಓದಿ ಬೆರಗಾದೆ. ಮೇಜಿನ ಸುತ್ತ ನಾಲ್ಕೈದು ಮಂದಿ. ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳರಾಗಿ ತಮ್ಮ ಮುಂದಿನ ನಡೆಯನ್ನು ಹೇಳುತ್ತಾರೆ. ಖಡ್ಗದ ಏಟು ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳ ನಿರ್ಣಯಿಸುತ್ತದೆ. ಕಥೆ ನಡೆಸುವವನಿಗೂ ಅಂತ್ಯ ಖಚಿತವಿರುವುದಿಲ್ಲ!

ಇದನ್ನು ಕಾಲಹರಣವೆನ್ನುವವರ ಮಾತನ್ನು ನಾನೊಪ್ಪಲಾರೆ. (ಒಂದು ಕಾಲಕ್ಕೆ ನಾನೂ ಹಾಗೆನ್ನುತ್ತಿದ್ದೆ.) ಕೇಳುಗನಿಗೂ ಕಥೆಯಲ್ಲಿ ಪಾಲು ಕೊಡುವ ವಿದ್ಯೆಯಿದು, ತರಗತಿಯಲ್ಲಿ ನಾನು ಆ ಪಾಲನ್ನು ಕೊಡಲಿಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠದ ಕಥೆಯ ಅಂತ್ಯವನ್ನೇ ಬದಲಿಸಿ ಬರೆದಿದ್ದ. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಅವನು ಮತ್ತೆಂದೂ ಹಾಗೆ ಬರೆಯಲಿಲ್ಲ. ಇದನ್ನೀಗ ಓದುತ್ತಿದ್ದರೆ, ಆ ಅಂತ್ಯವನ್ನು ನನಗೆ ಇನ್ನೊಮ್ಮೆ ಬರೆದು ಕಳುಹಿಸಲಿ.