ಕೀಲಿಮಣೆಯ ಜಗಳ

ಮಂಗಳೂರಿನಲ್ಲಿ ನಾಲ್ವರು ವಿದ್ಯಾವಂತರು ಕಲೆತಲ್ಲಿ ತೆಂಕುತಿಟ್ಟು ಬಡಗುತಿಟ್ಟುಗಳ ತಾರತಮ್ಯದ ಮಾತು ಏಳುವುದು ಹಳೆಯ ಸಂಗತಿ. ಈಗ ಕೆಲವು ವರ್ಷಗಳಿಂದ ಅದರ ಜಾಗದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಬಗೆಯ ಮಾತು ಏಳತೊಡಗಿದೆ. ಒಬ್ಬರು ‘ನುಡಿ’ಯೇ ಮೇಲೆಂದರೆ ಮತ್ತೊಬ್ಬರು ‘ಬರಹ’ಕ್ಕೆ ಸಮನಾದುದು ಹುಟ್ಟಿಲ್ಲವೆನ್ನುತ್ತಾರೆ, ಮೂರನೆಯವರಿಗೆ ಫೋನಿಗೆ ಬಾಯಲ್ಲಿ ಹೇಳಿ ಬರೆಯಿಸುವುದೇ ಸುಖ. ನಾಲ್ಕನೆಯವರು, ಇವರು ಬಹುಮಟ್ಟಿಗೆ ಉಳಿದ ಮೂವರಿಗಿಂತ ಹೆಚ್ಚು ಓದಿದವರೇ ಆಗಿರುತ್ತಾರೆ, ಇಷ್ಟೆಲ್ಲ ಪಾಡು ಏಕೆ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರಾಯಿತಲ್ಲವೆ ಎಂದು ನಗುತ್ತಾರೆ. ಚಹಾ ಆರುವವರೆಗೆ ವಾದ ನಡೆದು, ಯಾರೂ ಯಾರನ್ನೂ ಒಪ್ಪಿಸದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ಗಾದೆಯುಂಟಷ್ಟೆ. ಈ ಜಗಳದಲ್ಲಿ ಬಡವಾಗುತ್ತಿರುವ ಕೂಸು ಯಾವುದೆಂಬುದನ್ನು ಮಾತ್ರ ಜಗಳಾಡುವವರು ಯಾರೂ ತಿರುಗಿ ನೋಡಿದಂತಿಲ್ಲ.

ಮೊದಲು ಒಂದು ಭ್ರಾಂತಿಯನ್ನು ಕಳೆಯಬೇಕಾಗಿದೆ. ಕೀಲಿಮಣೆಯೆಂಬುದು ಬೆರಳಿನ ವಿಷಯ. ಒತ್ತಿದ ಅಕ್ಷರವನ್ನು ಯಂತ್ರವು ಯಾವ ಸಂಖ್ಯೆಯಾಗಿ ನೆನಪಿಡುತ್ತದೆಂಬುದು ದಾಖಲೆಯ ವಿಷಯ. ‘ಕನ್ನಡ’ ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಇಂಗ್ಲಿಷ್ ಕಾಗುಣಿತದ ದಾರಿಯಲ್ಲಿ ‘ಬರಹ’ದೊಳಗೆ ಇದನ್ನು ಬರೆಯುವವನು 7 ಸಲ ಕೀಲಿ ಒತ್ತಬೇಕು. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಕ, ನ, ಒತ್ತಕ್ಷರಕ್ಕೆ ಕೂಡಿಸುವ ಕೊಂಡಿ, ನ, ಡ ಎಂದು 5 ಸಲ ಒತ್ತಿದರೆ ಸಾಕು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿಯೂ 5. ಆದರೆ ಯುನಿಕೋಡ್ ಪದ್ಧತಿಯಲ್ಲಿ ಬರೆದದ್ದಾದರೆ, ಈ ಮೂರರಲ್ಲಿ ಯಾವುದನ್ನು ಒತ್ತಿ ಬಂದರೂ ಯಂತ್ರದೊಳಗೆ ಕುಳಿತುಕೊಳ್ಳುವುದು ಅದೇ 5 ಸಂಖ್ಯೆಗಳು. ಹಂಪನಕಟ್ಟೆಯಿಂದ ಇಳಿದುಹೋದರೇನು, ಬೋಳಾರದ ಕಡೆಯಿಂದ ಸುತ್ತಿಬಂದರೇನು, ತಲಪುವ ದಕ್ಕೆ ಒಂದೇ. ಹೀಗಿರುವಾಗ ಯಾರ ಬೆರಳಿಗೆ ಯಾವುದು ಒಗ್ಗಿದೆಯೋ ಅವರು ಅದನ್ನು ಬಳಸಲಿ. ಅದರಲ್ಲಿ ವಾದಕ್ಕೆ ಆಸ್ಪದವೇ ಇಲ್ಲ.

ವಾದಕ್ಕೆ ಆಸ್ಪದವಿಲ್ಲದಿದ್ದರೂ ಕೃತಜ್ಞತೆಗೆ ಆಸ್ಪದವುಂಟು. ಈ 5 ಒತ್ತುಗಳ ವಿನ್ಯಾಸವನ್ನು ಕೊಟ್ಟ ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಮಂಗಳೂರಿನ ಮಗ್ಗುಲಿನ ಕಿನ್ನಿಕಂಬಳದವರು, 1940ರಲ್ಲಿ ಹುಟ್ಟಿದವರು. 1988ರಲ್ಲಿ ಅವರು ಸಿದ್ಧಪಡಿಸಿದ ಕನ್ನಡ ಪದಸಂಸ್ಕಾರಕಕ್ಕೆ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯಲ್ಲಿ ಕನ್ನಡ ಕಲಿಸಿದ, ಛಂದಸ್ಸಿನ ವಿಷಯದಲ್ಲಿ ಅಧಿಕಾರವಾಣಿಯೆನಿಸಿದ್ದ ಸೇಡಿಯಾಪು ಕೃಷ್ಣಭಟ್ಟರ ಹೆಸರದು. ಕೀಲಿಮಣೆಯ ವಿನ್ಯಾಸವನ್ನು ರಾವ್ ಅವರು ಹಣಕ್ಕೆ ಮಾರದೆ ಕನ್ನಡಿಗರಿಗೆ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರವು ಮಾನ್ಯಮಾಡಿದ್ದು ಅದನ್ನೇ. ಇಷ್ಟಾದರೂ, ಕನ್ನಡ ಟೈಪುಮಾಡುವುದು ಕಷ್ಟ ಕಷ್ಟವೆಂದು ಕದ್ರಿಯಲ್ಲಿಯೂ ಬಿಜೈಯಲ್ಲಿಯೂ ಕುಳಿತು ಗೊಣಗುವವರಿಗೆ ಕೊರತೆಯಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬುದು ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ಒಪ್ಪೀತು?

ಇನ್ನು ದಾಖಲೆಯ ವಿಷಯ. ಬಡವಾಗುತ್ತಿರುವ ಕೂಸು ಇಲ್ಲಿದೆ.

ಯುನಿಕೋಡ್ ಬಳಕೆಗೆ ಬರುವ ಮುನ್ನ ಕಂಪ್ಯೂಟರಿಗೆ ಕನ್ನಡದ ಅಕ್ಷರಗಳಿಗೆಂದು ಪ್ರತ್ಯೇಕ ಸ್ಥಾನವಿರಲಿಲ್ಲ. ಆಗಿನ ಜಾಣರು ಒಂದು ಉಪಾಯ ಮಾಡಿದರು: ಇಂಗ್ಲಿಷ್ ಅಕ್ಷರಗಳಿಗೂ ಐರೋಪ್ಯ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದರು. ಆ ಫಾಂಟು ಇರುವಷ್ಟು ಕಾಲ ಪರದೆಯ ಮೇಲೆ ಮುದ್ದಾದ ಕನ್ನಡ ಕಾಣುವುದು. ಫಾಂಟು ತಪ್ಪಿದೊಡನೆ ವೇಷ ಕಳಚಿ ಒಳಗಿನದು ಹೊರಬೀಳುವುದು. ‘ನುಡಿ’ಯ ಹಳೆಯ ಪದ್ಧತಿಯಲ್ಲಿ ಬರೆದಿಟ್ಟ ‘ಕನ್ನಡ’ ಎಂಬ ಶಬ್ದವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅಲ್ಲಿ ಇಂಗ್ಲಿಷಿನ ಪಿ ಮತ್ತು ಕ್ಯೂ, ತಲೆಯ ಮೇಲೆ ಗೀಟೆಳೆದ ಎ, ಜರ್ಮನರದೊಂದು ಅಕ್ಷರ, ಇವುಗಳ ನಡುವೆ ಬ್ರಿಟಿಷರ ಪೌಂಡಿನ ಗುರುತು ಕಾಣಸಿಗುತ್ತವೆ. ಕನ್ನಡದ ಒಂದಕ್ಷರವೂ ಇಲ್ಲ. ಒಂದೊಂದು ಸಂಸ್ಥೆಯ ಫಾಂಟೂ ತನ್ನದೇ ಕ್ರಮವನ್ನು ಹಿಡಿದದ್ದರಿಂದ, ಒಬ್ಬರ ಬರವಣಿಗೆಯನ್ನು ಇನ್ನೊಬ್ಬರ ಫಾಂಟಿನಲ್ಲಿ ತೆರೆದಾಗಲೂ ಇದೇ ಗತಿ.

ಅಂದಿನವರನ್ನು ಇದಕ್ಕಾಗಿ ನಿಂದಿಸುವುದು ಅನ್ಯಾಯ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಮನೆಯ ಸಾಮಾನ್ಯ ಕಂಪ್ಯೂಟರಿಗೆ ಬೇರೆ ದಾರಿಯಿರಲಿಲ್ಲ. 1843ರಲ್ಲಿ ಮೋಗ್ಲಿಂಗರು ಇದೇ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗಲೂ ಅಚ್ಚುಮೊಳೆಯಿಲ್ಲದೆ ಕಲ್ಲಚ್ಚಿನಲ್ಲಿಯೇ ಹೊರಡಿಸಬೇಕಾಯಿತು, ಯಾರೂ ಅವರನ್ನು ಹಳಿಯುವುದಿಲ್ಲ. ಆದರೆ ಮೊಳೆ ಕೈಗೆ ಬಂದ ಮೇಲೂ ಬಲ್ಮಠದವರು ಕಲ್ಲನ್ನೇ ತಬ್ಬಿಕೊಂಡು ಕೂತಿದ್ದರೆ 1894ರಲ್ಲಿ ಕಿಟ್ಟೆಲರ ನಿಘಂಟು ಆ ಮುದ್ರಣಾಲಯದಿಂದ ಹೊರಬರುತ್ತಿತ್ತೆ? ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಅದನ್ನು ಓದಬಲ್ಲದಾಗಿತ್ತು. ‘ನುಡಿ’ ‘ಬರಹ’ಗಳೆರಡೂ ಕಾಲಕ್ರಮದಲ್ಲಿ ಯುನಿಕೋಡ್‌ನಲ್ಲಿ ಬರೆಯುವ ಅನುಕೂಲವನ್ನು ಒದಗಿಸಿದವು. ಮೊಳೆ ಕೈಗೆ ಬಂದು ಇಷ್ಟು ಕಾಲವಾಯಿತು. ಕಲ್ಲನ್ನು ಬಿಡದವರು ಯಾರು?

ಮುದ್ರಣಾಲಯದವರೆಂದು ಎಲ್ಲರೂ ಬೆರಳು ತೋರಿಸುತ್ತಾರೆ. ಅವರ ಸಮಾಧಾನವನ್ನೂ ಕೇಳಬೇಕಾದದ್ದು ಧರ್ಮ. ಪುಟ ಕಟ್ಟುವುದಕ್ಕೆ ತಾವು ಕಲಿತದ್ದು ಪೇಜ್‌ಮೇಕರ್. ಅದಕ್ಕೆ ಯುನಿಕೋಡ್ ಕನ್ನಡ ತಿಳಿಯದು. ಹೊಸದನ್ನು ಕೊಳ್ಳಲು ಹಣ ಬೇಕು, ಕಲಿಯಲು ಕಾಲ ಬೇಕು. ಅಲ್ಲದೆ ಹಳೆಯ ಫಾಂಟುಗಳ ಚೆಲುವು, ದಪ್ಪ ತೆಳುವಿನ ವೈವಿಧ್ಯ ಯುನಿಕೋಡ್ ಫಾಂಟುಗಳಲ್ಲಿ ಇಲ್ಲವೆನ್ನುತ್ತಾರೆ. ಕೊನೆಯ ಮಾತಿನಲ್ಲಿ ಸತ್ಯಾಂಶವಿದೆ. ಮದುವೆಯ ಕರೆಯೋಲೆಗೆ ಬೇಕಾದ ಬಳುಕಿನ ಅಕ್ಷರ ‘ಗುಬ್ಬಿ’ಯಲ್ಲಿಯೋ ‘ನವಿಲು’ವಿನಲ್ಲಿಯೋ ಸಿಗುವುದಿಲ್ಲವೆಂದರೆ ಒಪ್ಪತಕ್ಕದ್ದೇ. ಆದರೆ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಅದನ್ನು ಮಾಡಿದವರೇ ಅದನ್ನು ಕೈಬಿಟ್ಟು, ಯುನಿಕೋಡ್ ಕನ್ನಡವನ್ನು ಬಲ್ಲ ಬೇರೊಂದನ್ನು ಮಾರುತ್ತಿದ್ದಾರೆ. ತಯಾರಿಸಿದವನೇ ತೊರೆದ ಯಂತ್ರಕ್ಕೆ ನಾಡಿನ ಸಾಹಿತ್ಯವನ್ನೆಲ್ಲ ಕಟ್ಟಿಹಾಕಿಡುವುದು ಜಾಣತನವೆ? ಅಚ್ಚಿನ ಪುಟ ಚೆನ್ನಾಗಿ ಬರಲೆಂದು ಹಳೆಯ ಫಾಂಟನ್ನು ಬಳಸುವವರು ಬಳಸಲಿ. ಮೂಲಪ್ರತಿಯೊಂದು ಯುನಿಕೋಡ್‌ನಲ್ಲಿ ಉಳಿದಿರಲಿ. ಎರಡನ್ನೂ ಇಟ್ಟುಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ನಿಜವಾಗಿ ನೋಡಿದರೆ ಮುದ್ರಣಾಲಯದವರದು ಅರ್ಧ ತಪ್ಪು. ಉಳಿದರ್ಧ ಸಾಹಿತ್ಯ ಸಂಸ್ಥೆಗಳದು, ಸಂಪಾದಕರದು, ಲೇಖಕರದು. ಸ್ಮರಣಸಂಚಿಕೆಗೆ ಲೇಖನ ಬೇಡುವ ಕಾಗದದ ಕೊನೆಯಲ್ಲಿ ‘ನುಡಿ ಲಿಪಿಯಲ್ಲಿಯೇ ಕಳುಹಿಸತಕ್ಕದ್ದು’ ಎಂಬ ಸಾಲು ಇಂದಿಗೂ ಕಾಣುತ್ತದೆ. ಯುನಿಕೋಡ್‌ನಲ್ಲಿ ಬರೆದ ಪ್ರಾಮಾಣಿಕ ಲೇಖಕನು ಅದನ್ನು ಹಿಂದಕ್ಕೆ ಪರಿವರ್ತಿಸಿ ಕೆಡಿಸಿ ಕಳುಹಿಸಬೇಕಾಗುತ್ತದೆ. ಪುಸ್ತಕ ಅಚ್ಚಾದೊಡನೆ ಫೈಲನ್ನು ಕೇಳಿ ತೆಗೆದಿಟ್ಟುಕೊಳ್ಳಬೇಕೆಂದು ಎಷ್ಟು ಲೇಖಕರಿಗೆ ತೋರುತ್ತದೆ? ನಿವೃತ್ತರಾದ ಮೇಷ್ಟ್ರೊಬ್ಬರು ಹತ್ತು ಹದಿನೈದು ವರ್ಷ ಕೂತು ಪಾಡ್ದನಗಳನ್ನೋ ಗಾದೆಗಳನ್ನೋ ಸಂಗ್ರಹಿಸಿ ತಾವೇ ಟೈಪುಮಾಡಿ ಇಟ್ಟಿರುತ್ತಾರೆ. ಅವರ ಕಾಲಾನಂತರ ಮಗನೋ ಸೊಸೆಯೋ ಆ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪೌಂಡಿನ ಗುರುತುಗಳ ಮೆರವಣಿಗೆ. ಏನೋ ಕೆಟ್ಟುಹೋಗಿದೆಯೆಂದು ಅಳಿಸಿಬಿಡುತ್ತಾರೆ. ತಾಳೆಗರಿಯ ಕಟ್ಟಿಗೆ ಹುಳ ಹಿಡಿದರೆ ತೂತಾದರೂ ಕಾಣುತ್ತದೆ, ಉಳಿದ ಅಕ್ಷರವನ್ನಾದರೂ ಓದಬಹುದು. ಇಲ್ಲಿ ಅಳಿಸುವವನಿಗೆ ತಾನು ಅಳಿಸಿದ್ದೇನೆಂಬುದೇ ತಿಳಿಯುವುದಿಲ್ಲ.

ಅಳಿಸದೆ ಉಳಿದದ್ದೂ ಉಪಯೋಗಕ್ಕೆ ಬಾರದು. ಅಂಥ ಫೈಲಿನಲ್ಲಿ ಒಂದು ಶಬ್ದವನ್ನು ಹುಡುಕೆಂದರೆ ಯಂತ್ರ ಹುಡುಕಲಾರದು. ಅಂತರ್ಜಾಲದಲ್ಲಿ ಹಾಕಿದರೂ ಕನ್ನಡದಲ್ಲಿ ಕೇಳುವವನಿಗೆ ಸಿಗದು. ಅಕಾರಾದಿಯಾಗಿ ಜೋಡಿಸೆಂದರೆ ಪಿ ಕ್ಯೂಗಳ ಕ್ರಮದಲ್ಲಿ ಜೋಡಿಸಿಟ್ಟೀತು. ಕಣ್ಣಿಲ್ಲದವರಿಗಾಗಿ ಗಟ್ಟಿಯಾಗಿ ಓದೆಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಗೊಣಗೀತು.

ನಾಲ್ಕನೆಯವರ ವಾದ ಇನ್ನೂ ಉಳಿದಿದೆ: ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಈ ಯಾವ ತಾಪತ್ರಯವೂ ಇಲ್ಲವೆಂಬುದು. ಒಂದು ಕಾಲದಲ್ಲಿ ಇದಕ್ಕೆ ಕಾರಣವಿತ್ತು. ಫೋನುಗಳಿಗೆ ಕನ್ನಡ ಬರುತ್ತಿರಲಿಲ್ಲ. ಬಂದ ಮೇಲೂ ಒಂದು ಕಿರುಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳಿಗೆ ಎಡೆಯಿದ್ದರೆ ಕನ್ನಡಕ್ಕೆ 70, ಅದೂ ಕೊಂಬು ದೀರ್ಘ ಒತ್ತುಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ. ಕಾಸಿನ ಲೆಕ್ಕ ನೋಡುವ ಮನೆಯವರು ಇಂಗ್ಲಿಷ್ ಅಕ್ಷರವನ್ನು ಹಿಡಿದದ್ದು ಸಹಜವೇ. ಆ ಕಾಲ ಕಳೆಯಿತು. ಈಗ ವಾಟ್ಸಾಪಿನಲ್ಲಿ ಅಕ್ಷರಕ್ಕೆ ಲೆಕ್ಕವೂ ಇಲ್ಲ, ಕಾಸೂ ಇಲ್ಲ. ಉಳಿದಿರುವುದು ಅಭ್ಯಾಸ ಮಾತ್ರ.

ಆ ಅಭ್ಯಾಸದ ಫಲವನ್ನು ನೋಡಬೇಕಾದರೆ ಬಿ, ಎ, ಎಲ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಟ್ಟಿಗೆ ಬರೆದು ಓದಬೇಕು. ಬಳೆಯೆ, ಬಲೆಯೆ, ಬಾಳೆಯೆ, ಬಾಲೆಯೆ? ಮದುವೆಯ ಮನೆಯಿಂದ ‘ನಾಳೆ ಬೆಳಿಗ್ಗೆ ಎರಡು ಡಜನು ತನ್ನಿ’ ಎಂಬ ಒಕ್ಕಣೆಯೊಡನೆ ಈ ಶಬ್ದ ಬಂದರೆ ಮಾವನವರು ಸೆಂಟ್ರಲ್ ಮಾರ್ಕೆಟಿಗೆ ಹೋಗಬೇಕೋ ಬಳೆಯಂಗಡಿಗೋ ತಿಳಿಯದೆ ಫೋನು ಮಾಡಿಯೇ ಕೇಳಬೇಕಾಗುತ್ತದೆ; ಬರೆದದ್ದರಿಂದ ಉಳಿದದ್ದೇನು? ನಗೆಯ ಮಾತು ಹಾಗಿರಲಿ. ಅಜ್ಜಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬಾರದು. ದುಬೈಯಲ್ಲಿರುವ ಮೊಮ್ಮಗ ಕನ್ನಡದಲ್ಲಿಯೇ ಬರೆದ ನಾಲ್ಕು ಸಾಲನ್ನು ಆಕೆ ಪಕ್ಕದ ಮನೆಯ ಹುಡುಗಿಯಿಂದ ಓದಿಸಿಕೊಳ್ಳಬೇಕಾಗಿರುವುದು ಯಾವ ಅನುಕೂಲ?

2021ರ ಜೂನ್ ತಿಂಗಳಲ್ಲಿ, ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಕನ್ನಡದ ಹೆಸರು ಹೇಳಿತು. ನಾಡು ಸಿಡಿದೆದ್ದಿತು; ಸರ್ಕಾರವೂ ಗುಡುಗಿತು; ಕಂಪೆನಿ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಬೇಡಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಅಂದು ಸಿಟ್ಟಾದವರಲ್ಲಿ ಎಷ್ಟು ಮಂದಿ ಆ ಸಿಟ್ಟನ್ನು ಕನ್ನಡದ ಅಕ್ಷರದಲ್ಲಿ ಬರೆದರೆಂದು ಕೇಳುವವರು ಯಾರೂ ಹುಟ್ಟಲಿಲ್ಲ. ಯಂತ್ರವು ಜನರು ಬರೆದಿಟ್ಟದ್ದನ್ನೇ ಹೆಕ್ಕಿ ಹೇಳುವುದು. ಕನ್ನಡಿಗರು ತಮ್ಮ ವಿಷಯವನ್ನು ಪೌಂಡಿನ ಗುರುತಿನಲ್ಲಿಯೂ ಇಂಗ್ಲಿಷ್ ಅಕ್ಷರದಲ್ಲಿಯೂ ಬರೆದಿಟ್ಟರೆ ಅದು ಹೆಕ್ಕುವುದೆಲ್ಲಿಂದ?

ಮಂಗಳೂರಿಗೆ ಈ ವಿಷಯದಲ್ಲಿ ಉಳಿದ ಊರುಗಳಿಗಿಂತ ಹೆಚ್ಚಿನ ಹೊಣೆಯಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು. ಇಲ್ಲಿ ಕನ್ನಡದ ಲಿಪಿಯನ್ನು ನೆಚ್ಚಿರುವುದು ಕನ್ನಡವೊಂದೇ ಅಲ್ಲ. ತುಳುವಿನ ಅಚ್ಚಿನ ಪುಸ್ತಕಗಳು ಬಾಸೆಲ್ ಮಿಶನಿನ ಕಾಲದಿಂದ ಈ ಲಿಪಿಯಲ್ಲಿಯೇ ಬಂದಿವೆ. 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆಯ ಕೊಂಕಣಿಯೂ ಈ ಲಿಪಿಯದೇ. ಬ್ಯಾರಿ ಭಾಷೆಯ ಬರೆಹವೂ ಇದನ್ನೇ ಹಿಡಿದಿದೆ. 2016ರಲ್ಲಿ ತುಳು ವಿಕಿಪೀಡಿಯ ತೆರೆದುಕೊಂಡಾಗ ಅದರ ಪುಟಗಳು ಕನ್ನಡ ಲಿಪಿಯ ಯುನಿಕೋಡ್‌ನಿಂದಲೇ ತುಂಬಿದವು. ಹಳೆಯ ಫಾಂಟಿನ ಬರೆಹದಿಂದ ಅದು ಆಗುವ ಕೆಲಸವಾಗಿರಲಿಲ್ಲ. ತಾಳೆಗರಿಗಳಲ್ಲಿ ಮಲಗಿದ್ದ ತುಳು-ತಿಗಳಾರಿ ಲಿಪಿಗೂ 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್‌ನ 16ನೆಯ ಆವೃತ್ತಿಯಲ್ಲಿ ಸ್ಥಾನ ದೊರೆಯಿತು.

ಪ್ರಮಾಣವೆಂದ ಮಾತ್ರಕ್ಕೆ ಯುನಿಕೋಡ್ ದೋಷರಹಿತವೆಂದು ಯಾರೂ ತಿಳಿಯಬೇಕಾಗಿಲ್ಲ. ಹಳಗನ್ನಡದ ಶಾಸನ ಕಾವ್ಯಗಳಲ್ಲಿ ಬರುವ ‘ೞ’ ಅಕ್ಷರಕ್ಕೆ ಅದರ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ‘ಫ’ ಎಂದು ಹೆಸರು ಬಿದ್ದಿದೆ. ತಪ್ಪೆಂದು ಒಪ್ಪಿಕೊಂಡಿದ್ದಾರೆ, ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ತಿದ್ದುಪಡಿಯ ಟಿಪ್ಪಣಿಯೊಡನೆ ಆ ತಪ್ಪು ಹಾಗೆಯೇ ನಿಂತಿದೆ. ಬಲ್ಲವರ ಕಣ್ಣು ಸಕಾಲದಲ್ಲಿ ಬೀಳದಿದ್ದರೆ ಆಗುವುದು ಹೀಗೆಯೇ. ‘ನುಡಿ’ಯೋ ‘ಬರಹ’ವೋ ಎಂದು ಸಂಜೆಗಳನ್ನು ಕಳೆಯುವ ಬುದ್ಧಿವಂತರ ಬುದ್ಧಿಗೆ ಇಂಥಲ್ಲಿ ಬೇಕಾದಷ್ಟು ಕೆಲಸವಿದೆ.

ಮನೆಗಳಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಹಳೆಯ ಫೈಲನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಹಣವಿಲ್ಲದೆ ದೊರೆಯುತ್ತವೆ. ತಿರುಗಿಸಿದ್ದನ್ನು ಹಾಗೆಯೇ ನಂಬಿ ಮೂಲವನ್ನು ಅಳಿಸುವುದು ಮಾತ್ರ ಕೂಡದು. ಹಳೆಯ ಫಾಂಟಿನಲ್ಲಿ ‘ಧರ್ಮ’ದ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಮಕಾರದ ಆಚೆ ಕೂತಿರುತ್ತದೆ, ಯುನಿಕೋಡ್‌ನಲ್ಲಿ ನಾಲಿಗೆಗೆ ಬರುವಂತೆ ರಕಾರವು ಮೊದಲು ಬರಬೇಕು. ಒತ್ತಿನ ಮೇಲೆ ಒತ್ತು ಬಿದ್ದ ಶಬ್ದಗಳಲ್ಲಿ ಪರಿವರ್ತಕವು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಆದುದರಿಂದ ಹಳೆಯ ಅಚ್ಚುಪ್ರತಿಯನ್ನು ಒಬ್ಬರು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆಯನ್ನು ನೋಡುತ್ತ ತಿದ್ದಬೇಕು. ಓದುವ ಪಾಲು ಅಜ್ಜಿಯದಾದರೆ ತಿದ್ದುವ ಪಾಲು ರಜೆಗೆ ಬಂದ ಮೊಮ್ಮಗನದಾಗಬಹುದು; ಇಬ್ಬರೂ ಕೂತರೆ ಗಂಟೆಗೆ ಹತ್ತು ಪುಟವಾದರೂ ಮುಗಿದೀತು.